ಸಿಸಿಲಿಗೆ ಕೊಟ್ಟ ಇಂಗ್ಲೆಂಡಿನ ರಾಜಕುಮಾರಿ ಜೋನ್: ಗಂಡ ಸತ್ತ ಮ್ಯಾಲೆ ಅಕಿ ಆಸ್ತಿ ಏನಾತು?

ವಿದ್ಯಾನಗರದ ಓದುಗಿ, ಹುಬ್ಬಳ್ಳಿ:
ನಮ್ಮ ಓಣಿ ಮಹಿಳಾ ಮಂಡಳದಾಗ ದೂರದೇಶಕ್ಕ ಲಗ್ನ ಆಗಿ ಹೋದ ರಾಣಿಯರ ಬಗ್ಗೆ ಮಾತಾಡೋದೈತಿ. ನಾನು ಆರಿಸಿಕೊಂಡಿದ್ದು ಜೋನ್. ಇಂಗ್ಲೆಂಡಿನ ಎರಡನೇ ಹೆನ್ರಿ ಮಗಳು, 1165ರಾಗ ಹುಟ್ಟಿದಾಕಿ. 1177ರಾಗ ಇಟಲಿ ಬಾಜೂಕಿನ ಸಿಸಿಲಿ ದ್ವೀಪದ ರಾಜ ಎರಡನೇ ವಿಲಿಯಂ ಜೋಡಿ ಲಗ್ನ ಆದಾಗ ಬರೇ 11 ವರ್ಷದ ಹುಡುಗಿ. ಎಲ್ಲಿ ಓದಿದ್ರೂ ‘ಸಿಂಹಹೃದಯ ರಿಚರ್ಡನ ತಂಗಿ’ ಅಂತ ಒಂದು ಸಾಲಿನಾಗ ಮುಗಿಸಿಬಿಡ್ತಾರ. ಗಂಡ ತೀರಿದ ಮ್ಯಾಲೆ ಅಕಿ ಹೆಸರಿನ ಆಸ್ತಿ ಯಾರ ಪಾಲಾತು? ಅಕಿ ಸೀದಾ ತವರಿಗೆ ಯಾಕ ಹೋಗಲಿಲ್ಲ?

ಸಪ್ತಾಪುರ ಮಾಸ್ತರ, ಧಾರವಾಡ:
ಅಕ್ಕಾರ, ಆಸ್ತಿಯಿಂದನ ಶುರು ಮಾಡಿದ್ರಿ, ಛಲೋ ಆತು. ಜೋನ್‌ಳ ಬಾಳು ತಿಳೀಬೇಕಂದ್ರ ಅಲ್ಲಿಂದನ ನೋಡಬೇಕು.

ಲಗ್ನದಾಗ ವಿಲಿಯಂ ಅಕಿ ಹೆಸರಿಗೆ ಮಾಂಟೆ ಸಾಂಟ್ ಆಂಜೆಲೊ ಸೀಮೆ, ಜೊತಿಗೆ ಸಿಪೊಂಟೊ, ವಿಯೆಸ್ಟೆ ಊರು ಬರೆದುಕೊಟ್ಟಿದ್ದ. ಇವೆಲ್ಲ ಇಟಲಿಯ ಮೂಡಣ ಕರಾವಳಿಯಾಗ ಅದಾವ. ಗಂಡ ಸತ್ತರ ಹೆಂಡತಿ ಜೀವನ ನಡೀಲಿ ಅಂತ ಕೊಡೋ ಪಾಲು ಅದು. 1189ರ ನವೆಂಬರಿನಾಗ ವಿಲಿಯಂ ಸತ್ತ. ಮಕ್ಕಳಿಲ್ಲ. ಟ್ಯಾಂಕ್ರೆಡ್ ಅನ್ನಾಂವ ಪಟ್ಟಕ್ಕ ಕುಂತು ಜೋನ್‌ಳನ್ನ ಸಿಸಿಲಿಯ ರಾಜಧಾನಿ ಪಲೆರ್ಮೊದಾಗ ಕಾವಲಿನಾಗಿಟ್ಟ, ಆಕಿ ಪಾಲು ತಾನ ಹಿಡಕೊಂಡ. ತವರಿಗೆ ಹೋಗಲಿಕ್ಕೆ ಬಿಟ್ಟವರ ಯಾರು?

1190ರ ಸೆಪ್ಟೆಂಬರಿನಾಗ ಅಣ್ಣ ರಿಚರ್ಡ್ ದಂಡು ಕಟ್ಟಿಕೊಂಡು ಸಿಸಿಲಿಯ ಮೆಸ್ಸಿನಾ ಬಂದರಕ್ಕ ಬಂದ ಮ್ಯಾಲೆನ ಅಕಿ ಬಿಡುಗಡೆ ಆತು. ಊರು ಮರಳಿ ಬರಲಿಲ್ಲ, ಅದರ ಬದ್ಲಿ 20,000 ಔನ್ಸ್ ಬಂಗಾರ ಬಂತು. ಬಂದಿದ್ದು ಅಣ್ಣನ ಕೈಗೆ. ಆತ ಜೆರುಸಲೇಮಿನ ದಂಡಯಾತ್ರೆಗೆ ರೊಕ್ಕ ಕೂಡಿಸ್ತಿದ್ದ ಕಾಲ. ಬಿಡಿಸಿದಾಂವ ಅಣ್ಣನ, ಆಕಿ ಪಾಲಿನ ಒಡೆಯನೂ ಅಣ್ಣನ. ಇದನ್ನ ಓದಿದಾಗೆಲ್ಲ ನನಗ ಭಾಳ ಸಂಕಟ ಆಗತೈತಿ.

ಮುಂದ ಅಣ್ಣನ ಹಿಂದ ಹಡಗು ಹತ್ತಿದ್ಲು. ಸಣ್ಣಾಕಿದ್ದಾಗ ಸಿಸಿಲಿಗೆ ಬರೋ ದಾರ್‍ಯಾಗ ಸಮುದ್ರದ ಪ್ರಯಾಣ ತಾಳದ ನೇಪಲ್ಸಿನಾಗ ಇಳಿದು ನೆಲದ ದಾರಿ ಹಿಡಿದಾಕಿ ಇಕಿ! 1191ರಾಗ ಬಿರುಗಾಳಿಗೆ ಹಡಗು ಸೈಪ್ರಸ್ಸಿಗೆ ಹೋಗಿ ಮುಟ್ಟಿತು. ಅದೇ ವರ್ಷ ಪ್ಯಾಲಸ್ತೀನಿನಾಗ ರಿಚರ್ಡ್ ತನ್ನ ತಂಗೀನ್ನ ತನ್ನ ಎದುರಾಳಿ ಮುಸ್ಲಿಂ ಸುಲ್ತಾನ ಸಲಾದಿನ್‌ನ ತಮ್ಮ ಅಲ್-ಆದಿಲ್‌ಗ ಕೊಡೋ ಮಾತು ತೆಗೆದ. ಇಬ್ಬರೂ ಕೂಡಿ ಜೆರುಸಲೇಮಿನಿಂದ ಆಳಲಿ ಅಂತ. ಜೋನ್ ಸಿಟ್ಟಿಗೆದ್ದು ಒಲ್ಲೆ ಅಂದ್ಲು ಅಂತ ಸಲಾದಿನ್ ಕಡೆಯವ ಬಹಾಉದ್ದೀನ್ ಬರೆದಿಟ್ಟಾನ. ನಿಮ್ಮ ಮಂಡಳದಾಗ ಇದನ್ನ ಬಿಡದ ಹೇಳ್ರಿ. ಇಡೀ ಬಾಳಿನಾಗ ಆಕಿ ‘ಒಲ್ಲೆ’ ನಮ್ಮ ಕಿವಿಗೆ ಬೀಳೋದು ಇಲ್ಲೆ.

ಬೆಟಗೇರಿಯಿಂದ, ಗದಗ:
ಮಾಸ್ತರು ಹೇಳಿದ್ದು ಖರೇ. ಒಂದು ಮಾತು ಕೂಡಸ್ತೀನಿ. ಜೋನ್ ಹುಟ್ಟೋ ನೂರೈವತ್ತು ವರ್ಷಕ್ಕಿಂತ ಮೊದಲ, ನಮ್ಮ ಲಕ್ಕುಂಡ್ಯಾಗ ಅತ್ತಿಮಬ್ಬೆ ಇದ್ಲು. ಗಂಡ ನಾಗದೇವ ತೀರಿದ್ದ. ಆದ್ರ ಸಂಪತ್ತು ಅಕಿ ಕೈಯಾಗ ಇತ್ತು, 1007ರ ಸುಮಾರಿಗೆ ಬ್ರಹ್ಮ ಜಿನಾಲಯ ಕಟ್ಟಿಸಿದ್ಲು, ದಾನಚಿಂತಾಮಣಿ ಅನಿಸಿಕೊಂಡ್ಲು. ಎಲ್ಲಾ ವಿಧವೆಯರಿಗೂ ಹಂಗ ಇತ್ತು ಅನ್ನೋದಿಲ್ಲ. ರೊಕ್ಕ ಯಾರ ಕೈಯಾಗಿತ್ತು ಅಂತ ಕೇಳಿದ್ರ ಇಬ್ಬರ ಬಾಳೂ ಬ್ಯಾರೆ ಬ್ಯಾರೆ ಕಾಣತಾವ. ಹುಬ್ಬಳ್ಳಿ ಮಂದಿ ಬಸ್ಸಿನಾಗ ಬಂದು ಗುಡಿ ನೋಡಿಕೊಂಡು ಹೋಗಬಹುದು.

ಸಪ್ತಾಪುರ ಮಾಸ್ತರ, ಧಾರವಾಡ:
ಅಕ್ಕಾರ, ಎರಡನೇ ಲಗ್ನ ಹೇಳೋದು ಉಳೀತು. 1196ರಾಗ ದಕ್ಷಿಣ ಫ್ರಾನ್ಸಿನ ಟೂಲೂಸ್ ಸೀಮೆಯ ಒಡೆಯ ಆರನೇ ರೇಮಂಡ್‌ಗ ಕೊಟ್ರು. 1197ರಾಗ ಗಂಡುಮಗ. 1199ರಾಗ ಬಂಡೆದ್ದ ಪಾಳೇಗಾರರ ಮ್ಯಾಲೆ ತಾನ ದಂಡು ತಗೊಂಡು ಹೋಗಿ ಕ್ಯಾಸೆ ಕೋಟೆಗೆ ಮುತ್ತಿಗೆ ಹಾಕಿದ್ಲು. ತನ್ನವರ ಮೋಸ ಮಾಡಿ ಪಾಳೆಯಕ್ಕ ಬೆಂಕಿ ಹಚ್ಚಿದ್ರು. ಬಸರಿ ಹೆಂಗಸು, ತಪ್ಪಿಸಿಕೊಂಡು ಅಣ್ಣನ ಕಡೆ ಹೊಂಟ್ಲು. ರಿಚರ್ಡ್ ಏಪ್ರಿಲಿನಾಗ ತೀರಿಹೋಗಿದ್ದ. ಉತ್ತರ ಫ್ರಾನ್ಸಿನ ರುವಾನಿನಾಗ ತಾಯಿ ಎಲೀನರ್ ಹತ್ರ ಇದ್ಲು. ಗಂಡ ಬದುಕಿದ್ರೂ, ಹಟ ಹಿಡಿದು ಫಾಂಟೆವ್ರೋ ಮಠದ ಸನ್ಯಾಸ ತಗೊಂಡ್ಲು. ಸೆಪ್ಟೆಂಬರಿನಾಗ ಹೆರಿಗೆಯಾಗ ಜೀವ ಹೋತು, ಕೂಸೂ ಉಳೀಲಿಲ್ಲ. ಆಗ ಅಕಿಗೆ 33 ವರ್ಷ. ಅಂದ್ರ ತವರಿನ ಕಡೆ ಬರಲೇ ಇಲ್ಲ ಅನ್ನಂಗಿಲ್ಲ. ಸಾಯೋ ಮುಂದ ತಾಯಿ ಹತ್ರನ ಬಂದಿದ್ಲು.

ವಿದ್ಯಾನಗರದ ಓದುಗಿ, ಹುಬ್ಬಳ್ಳಿ:
ಮಾಸ್ತರ, ಗದಗಿನವರ, ಇಬ್ಬರಿಗೂ ಶರಣ್ರಿ. ಸಾಂಟ್ ಆಂಜೆಲೊದಿಂದ ಶುರು ಮಾಡಿ ಕ್ಯಾಸೆ ಕೋಟೆ ತನಕ ಹೇಳ್ತೀನಿ. ರಿಚರ್ಡನ ಯುದ್ಧದ ಕಥಿ ಕಡಿಮಿ ಮಾಡ್ತೀನಿ. ಲಕ್ಕುಂಡಿ ಮಾತು ನಡುವ ಬರತೈತಿ, ನಮ್ಮ ಮಂಡಳದಾಗ ಗದಗ ಕಡೆಯ ಹೆಣ್ಣುಮಕ್ಕಳ ಭಾಳ ಅದಾರ.