ಐದು ತಿಂಗಳು ನಿಂತಿದ್ದ ಕಾರು, ಈಗ ದಬ್ ದಬ್ ಸದ್ದು: ಟೈರ್ ಬದಲಿಸಬೇಕಾ?

ಹಸಿರುಕಾರು:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಬೇರೆ ಕಡೆ ಇದ್ದೆ, ಕಾರು ಐದು ತಿಂಗಳು ನಿಂತ ಜಾಗದಲ್ಲೇ ಇತ್ತು. ನಿನ್ನೆ ಬ್ಯಾಟರಿ ಚಾರ್ಜ್ ಮಾಡಿ ಹೊರಗೆ ತೆಗೆದೆ. ಹತ್ತು ಮೀಟರ್ ಹೋಗುವಷ್ಟರಲ್ಲೇ ದಬ್ ದಬ್ ಅಂತ ಸದ್ದು ಶುರುವಾಯಿತು. ವೇಗ ಹೆಚ್ಚಿದಂತೆ ಸದ್ದೂ ಬೇಗ ಬೇಗ ಬರುತ್ತದೆ, ಸೀಟು ನಡುಗುತ್ತದೆ. ಎರಡು ಕಿಲೋಮೀಟರ್ ಓಡಿಸಿ ಭಯವಾಗಿ ವಾಪಸ್ ತಂದೆ. ನಾಲ್ಕೂ ಟೈರ್‌ನಲ್ಲಿ ಗ್ರಿಪ್ ಚೆನ್ನಾಗಿಯೇ ಇದೆ. ಅಂಗಡಿಯಲ್ಲಿ ನೋಡದೆಯೇ "ನಾಲ್ಕನ್ನೂ ಬದಲಿಸಿ" ಅಂದರು. ನಿಜವಾಗಲೂ ಬೇಕಾ?

ಸ್ಟೆಪ್ನಿ:
ಸ್ವಲ್ಪ ತಡೀರಿ, ಈಗಲೇ ದುಡ್ಡು ಸುರಿಯಬೇಡಿ. ಇದು ಟೈರ್ ಚಪ್ಪಟೆಯಾಗಿರುವ ಲಕ್ಷಣ. ಫ್ಲಾಟ್ ಸ್ಪಾಟ್ ಅಂತಾರಲ್ಲ, ಅದು. ಕಾರಿನ ಭಾರವೆಲ್ಲ ಟೈರ್ ನೆಲಕ್ಕೆ ತಾಗುವ ಅಂಗೈಯಷ್ಟು ಜಾಗದ ಮೇಲೆ ಇರುತ್ತದೆ. ತಿಂಗಳುಗಟ್ಟಲೆ ಅಲ್ಲೇ ಒತ್ತಿದರೆ ರಬ್ಬರ್ ಮತ್ತು ಒಳಗಿನ ನೈಲಾನ್ ಪದರ ಅದೇ ಆಕಾರಕ್ಕೆ ಒಗ್ಗಿಬಿಡುತ್ತವೆ.

ಇದರಲ್ಲಿ ಎರಡು ಥರ. ಒಂದು ಓಡಿಸಿ ಬಿಸಿಯಾದ ಮೇಲೆ ತಾನಾಗಿ ಹೋಗುತ್ತದೆ. ಇನ್ನೊಂದು ಹೋಗುವುದಿಲ್ಲ. ಯಾವುದು ಅಂತ ಗೊತ್ತಾಗಬೇಕಾದರೆ ಮೊದಲು ಗಾಳಿ ನೋಡಬೇಕು. ಕಾರು ಮೂರು ಗಂಟೆಯಾದರೂ ನಿಂತು ಟೈರ್ ತಣ್ಣಗಿರುವಾಗ ನಾಲ್ಕರದ್ದೂ ಅಳೆದು ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಓಡಿಸಬೇಡಿ.

ದಾರಿಹೋಕ:
ಒಂದು ಪ್ರಶ್ನೆ. ನಡುಕ ಯಾವಾಗಲೂ ಇರುತ್ತದಾ, ಬ್ರೇಕ್ ಒತ್ತಿದಾಗ ಮಾತ್ರ ಬರುತ್ತದಾ? ಬ್ರೇಕ್ ಒತ್ತಿದಾಗ ಮಾತ್ರ ಆದರೆ ಡಿಸ್ಕ್ ಮೇಲೆ ಕೂತ ತುಕ್ಕು ಇರಬಹುದು, ಟೈರ್ ಮೇಲೆ ಯಾಕೆ ತಪ್ಪು ಹೊರಿಸಬೇಕು?

ಹಸಿರುಕಾರು:
ಬ್ರೇಕ್ ಮುಟ್ಟದಿದ್ದರೂ ಇದೆ. ಸ್ಟೇರಿಂಗ್ ಅಷ್ಟಾಗಿ ಅದುರುವುದಿಲ್ಲ, ಸೀಟಿನ ಕೆಳಗೇ ಜಾಸ್ತಿ.

ಗಾಳಿ ಅಳೆದೆ. ಇರಬೇಕಾದ್ದು 33 ಪಿಎಸ್‌ಐ. ಮುಂದಿನ ಎರಡರಲ್ಲೂ 26, ಹಿಂದೆ ಬಲಕ್ಕೆ 25. ಹಿಂದೆ ಎಡಗಡೆಯದ್ದು ಬರೀ 14!

ಸ್ಟೆಪ್ನಿ:
ಇಲ್ಲೇ ಇದೆ ನೋಡಿ ವಿಷಯ. ಪಂಚರ್ ಇಲ್ಲದಿದ್ದರೂ ಟೈರ್‌ನಿಂದ ತಿಂಗಳಿಗೆ 1-2 ಪಿಎಸ್‌ಐ ಗಾಳಿ ಸೋರುತ್ತದೆ. ಐದು ತಿಂಗಳಿಗೆ 33 ಇದ್ದದ್ದು 26 ಆಗಿದ್ದರೆ ಅದು ಸಹಜ. 14 ಸಹಜ ಅಲ್ಲ, ಎಲ್ಲೋ ಸೋರಿಕೆ ಇದೆ. ಗಾಳಿ ಕಡಿಮೆಯಾದಷ್ಟೂ ಟೈರ್ ಜಾಸ್ತಿ ಅಮುಕಿಕೊಳ್ಳುತ್ತದೆ, ಚಪ್ಪಟೆಯೂ ಗಟ್ಟಿಯಾಗಿ ಕೂರುತ್ತದೆ. ಸೀಟು ನಡುಗುತ್ತಿರುವುದೂ ಹಿಂದಿನ ಚಕ್ರದ ಕಡೆಗೇ ಕೈ ತೋರಿಸುತ್ತಿದೆ.

ನಾಲ್ಕಕ್ಕೂ 33 ತುಂಬಿಸಿ. ಎಡ ಹಿಂದಿನದಕ್ಕೆ ಸೋಪು ನೀರು ಹಚ್ಚಿ ನೋಡಿ. ವಾಲ್ವ್ ಬುಡ, ರಿಮ್‌ನ ಅಂಚು, ಗ್ರಿಪ್‌ನ ಸಂದು, ಯಾವುದನ್ನೂ ಬಿಡಬೇಡಿ. 14ರಲ್ಲೇ ಎರಡು ಕಿಲೋಮೀಟರ್ ಓಡಿಸಿದ್ದೀರಿ, ಹಾಗಾಗಿ ಆ ಟೈರನ್ನು ರಿಮ್‌ನಿಂದ ಬಿಚ್ಚಿಸಿ ಒಳಗಡೆ ನೋಡಿಸಲೇಬೇಕು. ಒಳಗೆ ಕಪ್ಪು ರಬ್ಬರ್ ಪುಡಿ ಉದುರಿದ್ದರೆ ಅಥವಾ ಒಳಗೋಡೆಯಲ್ಲಿ ಸುಕ್ಕು ಬಿದ್ದಿದ್ದರೆ ಆ ಟೈರ್ ಮತ್ತೆ ಹಾಕಬೇಡಿ. ಹೊರಗಿನಿಂದ ಹೊಸದರಂತೆ ಕಂಡರೂ ಸರಿ, ಬೇಡ.

ದಾರಿಹೋಕ:
ಟೈರ್ ವಯಸ್ಸನ್ನೂ ನೋಡಿಕೊಳ್ಳಿ. ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 1418 ಅಂದರೆ 2018ರ 14ನೇ ವಾರ ತಯಾರಾದದ್ದು. ಒಂದು ಕಡೆ ಕಾಣದಿದ್ದರೆ ಒಳಬದಿಯಲ್ಲಿ ಇರುತ್ತದೆ.

ಗ್ರಿಪ್ ಇದೆ ಅಂದ ಮಾತ್ರಕ್ಕೆ ಟೈರ್ ಚೆನ್ನಾಗಿದೆ ಅಂತ ಅಲ್ಲ. ರಬ್ಬರ್ ಬಿರುಕು ಬಿಡದಿರಲಿ ಅಂತ ತಯಾರಿಸುವಾಗಲೇ ಮೇಣದಂಥ ವಸ್ತು ಸೇರಿಸಿರುತ್ತಾರೆ. ಚಕ್ರ ತಿರುಗುತ್ತಾ ರಬ್ಬರ್ ಬಾಗಿ ಬಾಗಿ ಅದು ಮೇಲಕ್ಕೆ ಬರುತ್ತಾ ಇರುತ್ತದೆ. ನಿಂತೇ ಇರುವ ಕಾರಿಗೆ ಆ ಭಾಗ್ಯ ಇಲ್ಲ. ಓಜೋನ್, ಬಿಸಿಲು ಎರಡೂ ನೇರವಾಗಿ ರಬ್ಬರನ್ನು ತಿನ್ನುತ್ತವೆ. ಹೆಬ್ಬೆರಳಿನಿಂದ ಪಕ್ಕದ ಗೋಡೆ ಒತ್ತಿ ನೋಡಿ, ಕೂದಲೆಳೆಯಂಥ ಬಿರುಕು ಇದ್ದರೆ ಬಾಯಿ ಬಿಡುತ್ತದೆ.

ಹಸಿರುಕಾರು:
ಸಂಜೆ ಪೂರ್ತಿ ಇದೇ ಕೆಲಸ ಮಾಡಿದೆ. ಸೋಪು ನೀರು ಹಚ್ಚಿದ ಕೂಡಲೇ ವಾಲ್ವ್ ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆ. ವಾಲ್ವ್ ಸ್ವಲ್ಪ ಬಗ್ಗಿಸಿದರೆ ಗುಳ್ಳೆ ದೊಡ್ಡದಾಗುತ್ತದೆ, ಬುಡದ ರಬ್ಬರ್ ಸೀಳಿದೆ. ಟೈರ್ ಬಿಚ್ಚಿಸಿದೆ, ಒಳಗೆ ಪುಡಿಯೂ ಇಲ್ಲ, ಸುಕ್ಕೂ ಇಲ್ಲ. ಹೊಸ ವಾಲ್ವ್ ಹಾಕಿಸಿದೆ. ನಾಲ್ಕೂ ಟೈರ್ ಆರು ವರ್ಷದವು, ಬಿರುಕು ಕಾಣಲಿಲ್ಲ.

ಸ್ಟೆಪ್ನಿ:
ಒಳ್ಳೇದಾಯಿತು. ಈಗ ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ ಮಿತವಾದ ವೇಗದಲ್ಲಿ ಓಡಿಸಿ. ಟೈರ್ ಬಿಸಿಯಾಗಲಿ. ಸದ್ದು ಮೆಲ್ಲಗೆ ಕಡಿಮೆಯಾದರೆ ಗೆದ್ದಿರಿ. ನಡುಕ ಜೋರಾದರೆ, ಟೈರ್‌ನಲ್ಲಿ ಎಲ್ಲಾದರೂ ಗಡ್ಡೆ ಎದ್ದರೆ, ಅಲ್ಲೇ ನಿಲ್ಲಿಸಿ.

ಅಷ್ಟು ಓಡಿಸಿದ ಮೇಲೂ ಹಾಗೇ ಇದ್ದರೆ ಹಿಂದಿನ ಎಡ ಚಕ್ರವನ್ನು ಮುಂದಕ್ಕೆ ಹಾಕಿ ನೋಡಿ. ನಡುಕ ಸ್ಟೇರಿಂಗ್‌ಗೆ ಬಂದರೆ ಕಳ್ಳ ಅದೇ. ಸುಮ್ನೆ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡಬೇಡಿ. ಬ್ಯಾಲೆನ್ಸಿಂಗ್ ಸರಿ ಮಾಡುವುದು ತೂಕದ ವ್ಯತ್ಯಾಸವನ್ನು. ಚಪ್ಪಟೆಯಾದ ಟೈರನ್ನು ಅದು ದುಂಡಗೆ ಮಾಡುವುದಿಲ್ಲ.

ಹಸಿರುಕಾರು:
ಮೂವತ್ತೈದು ನಿಮಿಷ ಓಡಿಸಿದೆ. ಹತ್ತು ನಿಮಿಷಕ್ಕೆಲ್ಲ ಸದ್ದು ಅರ್ಧ ಇಳಿಯಿತು, ಆದರೆ ಒಂದು ಸಣ್ಣ ದಬ್ ಉಳಿದೇಬಿಟ್ಟಿತು. ಮುಂದಕ್ಕೆ ಹಾಕಿ ನೋಡಿದೆ, ಸ್ಟೇರಿಂಗ್ ಅದುರಿತು. ಅಂಗೈ ಆಡಿಸಿದರೆ ಒಂದು ಕಡೆ ತಗ್ಗು ಕೈಗೇ ಸಿಗುತ್ತದೆ. ಉಳಿದ ಮೂರೂ ಪೂರ್ತಿ ಸರಿ. ಇನ್ನೊಂದು ಪ್ರಶ್ನೆ: ಮೂರು ತಿಂಗಳ ನಂತರ ಮತ್ತೆ ಹೋಗಬೇಕು. ಆಗೇನು ಮಾಡಲಿ?

ಸ್ಟೆಪ್ನಿ:
ಆ ಚಕ್ರವನ್ನು ವಾಪಸ್ ಹಿಂದಕ್ಕೇ ಹಾಕಿ, ಹಿಂದಿನ ಎರಡನ್ನು ಜೋಡಿಯಾಗಿ ಬದಲಿಸಿ, ಮುಂದಿನವು ಇರಲಿ. ವರ್ಷಕ್ಕೊಮ್ಮೆ ಬಿರುಕು ನೋಡಿಸುತ್ತಿರಿ. ಹತ್ತು ವರ್ಷ ದಾಟಿದ ಮೇಲೆ ಹೇಗಿದ್ದರೂ ಇಟ್ಟುಕೊಳ್ಳಬೇಡಿ.

ಹೋಗುವ ಮುಂಚೆ ಗಾಳಿ ಐದಾರು ಪಿಎಸ್‌ಐ ಜಾಸ್ತಿ ತುಂಬಿಸಿ. ಟೈರ್ ಪಕ್ಕದಲ್ಲಿ ಬರೆದಿರುವ ಗರಿಷ್ಠ ಮಿತಿ ಮಾತ್ರ ದಾಟಬೇಡಿ, ವಾಪಸ್ ಬಂದ ಮೇಲೆ ಇಳಿಸಿಕೊಳ್ಳಿ. ಲಾಂಗ್ ಡ್ರೈವ್ ಮುಗಿಸಿ ಬಿಸಿ ಟೈರ್‌ನಲ್ಲೇ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಬಿಸಿ ನೈಲಾನ್ ಒತ್ತಿದ ಆಕಾರದಲ್ಲೇ ತಣ್ಣಗಾಗುತ್ತದೆ. ಸಮತಟ್ಟು ನೆಲದಲ್ಲಿ ಗೇರ್‌ನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅಂಟಿಕೊಳ್ಳಬಹುದು. ಎರಡು ವಾರಕ್ಕೊಮ್ಮೆ ಯಾರಾದರೂ ಕಾರನ್ನು ಒಂದೆರಡು ಅಡಿ ಹಿಂದೆ ಮುಂದೆ ಮಾಡಿದರೆ ಸಾಕು. ಟೈರ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಹೋಗಿ, ಗುರುತು ಪ್ರತಿ ಸಲ ಬೇರೆ ಕಡೆ ನಿಲ್ಲಲಿ. ಇಂಜಿನ್ ಮಾತ್ರ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಟೈರ್‌ಗೆ ಏನೂ ಉಪಯೋಗ ಇಲ್ಲ.

ದಾರಿಹೋಕ:
ಡಿಕ್ಕಿಯಲ್ಲಿರುವ ಸ್ಟೆಪ್ನಿಗೆ ಗಾಳಿ ನೋಡಿದಿರಾ? ಅದಕ್ಕೂ ಅದೇ ವಯಸ್ಸು, ಅದೇ ವಾಲ್ವ್ ಅಲ್ವಾ.

ಹಸಿರುಕಾರು:
ಈಗ ನೋಡಿದೆ. 11 ಪಿಎಸ್‌ಐ. ನಾಳೆ ಹಿಂದಿನ ಎರಡು ಟೈರ್ ಹಾಕಿಸುವಾಗ ಇದರ ವಾಲ್ವ್ ಕೂಡ ಬದಲಿಸುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.