‘ಕೂರುತ್ತೆ’, ‘ಕೂರಿಸ್ತೀವಿ’: ಸೈಲೆನ್ಸರ್ ಕೆಲಸದ ಎರಡು ಮಾತಿನ ಬಗ್ಗೆ

ಗೆಳೆಯರಿಗೆ ನಮಸ್ಕಾರ.

ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕಾರಿನ ಸೈಲೆನ್ಸರ್ ಲೈನಿಗೆ (ಇಂಜಿನ್ನಿನ ಹೊಗೆಯನ್ನು ಹಿಂದಕ್ಕೆ ಒಯ್ಯುವ ಇಡೀ ಪೈಪಿನ ಸಾಲಿಗೆ) ಬೇರೆ ಬೇರೆ ಕಡೆಯ ಬಿಡಿಭಾಗ ತಂದು ಜೋಡಿಸುವುದು ಹೇಗೆ ಅನ್ನುವ ಭಾಗದಲ್ಲಿ ನಿಂತಿದ್ದೇನೆ. ನಮ್ಮ ಮೈಸೂರು, ಮಂಡ್ಯ ಕಡೆ ಈ ಕೆಲಸದಲ್ಲಿ ‘ಕೂರು’, ‘ಕೂರಿಸು’ ಅನ್ನುವ ಎರಡು ಮಾತು ಬೇರೆ ಬೇರೆ ಅರ್ಥದಲ್ಲಿ ನಡೆಯುತ್ತವೆ. ಬರಹದಲ್ಲಿ ಈ ವ್ಯತ್ಯಾಸ ಉಳಿಸಿಕೊಳ್ಳಬಹುದಾ? ನಿಮ್ಮ ಊರಲ್ಲೂ ಹೀಗೇ ಹೇಳುತ್ತಾರಾ?

ಮಂಡ್ಯದ ಮೆಕ್ಯಾನಿಕ್ಕು ಹೊಸ ಪೈಪನ್ನು ಕೈಯಲ್ಲಿ ಹಿಡಿದು ‘ಇದು ಹಂಗೇ ಕೂರಕಿಲ್ಲ ಕಣಣ್ಣ, ಕೂರಿಸ್ಬೇಕು’ ಅಂದರೆ ಆ ಒಂದೇ ಮಾತಲ್ಲಿ ಬಹಳ ವಿಷಯ ಇರುತ್ತದೆ. ‘ಕೂರುತ್ತೆ’ ಅಂದರೆ ಫ್ಲ್ಯಾಂಜಿನ (ಪೈಪಿನ ತುದಿಯಲ್ಲಿ ಬೋಲ್ಟ್ ಹಾಕುವ ಅಂಚಿನ) ತೂತಿಗೆ ತೂತು ಸರಿಯಾಗಿ ಬರುತ್ತದೆ, ಮುಖಕ್ಕೆ ಮುಖ ಒತ್ತಿಕೊಳ್ಳುತ್ತದೆ, ನೇತುಹಾಕುವ ರಬ್ಬರು ತನ್ನ ಕೊಕ್ಕೆಗೆ ಸಿಗುತ್ತದೆ. ನಡುವೆ ಹೊಗೆ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಹಾಕಿ ಬೋಲ್ಟ್ ಬಿಗಿದರೆ ಮುಗಿಯಿತು. ‘ಕೂರಿಸ್ಬೇಕು’ ಅಂದರೆ ಕತ್ತರಿಸುವುದು, ಬಾಯಿ ಅಗಲಿಸುವುದು, ಫ್ಲ್ಯಾಂಜ್ ಬದಲಿಸುವುದು, ವೆಲ್ಡಿಂಗ್ ಮಾಡುವುದು. ಸಮಯ, ಕೂಲಿ ಎರಡೂ ಜಾಸ್ತಿ. ಎರಡು ಬೋಲ್ಟಿನ ಫ್ಲ್ಯಾಂಜಿಗೆ ಮೂರು ಬೋಲ್ಟಿನದ್ದು ಬಂದರೆ, ಅಥವಾ ಗುಂಡು ಗ್ಯಾಸ್ಕೆಟ್ ಮತ್ತು ಸ್ಪ್ರಿಂಗ್ ಬೋಲ್ಟ್ ಇರುವ ಜಾಗಕ್ಕೆ ಚಪ್ಪಟೆ ಮುಖದ ಪೈಪು ಬಂದರೆ, ಅದು ಯಾವತ್ತೂ ತಾನಾಗಿ ಕೂರುವುದಿಲ್ಲ.

ವ್ಯಾಕರಣದಲ್ಲಿ ಇದು ‘ಇಸು’ ಹಚ್ಚಿದ ರೂಪ, ಅಷ್ಟೇ. ಏರು–ಏರಿಸು, ಸೇರು–ಸೇರಿಸು ಇದ್ದ ಹಾಗೆ. ಆದರೆ ‘ಕೂರಿಸು’ ಅನ್ನುವುದರಲ್ಲಿ ಬಲವಂತದ ಅರ್ಥ ಮೊದಲಿನಿಂದ ಇಲ್ಲ. ಮಗುವನ್ನು ಕೂರಿಸುತ್ತೇವೆ, ಗಣಪತಿ ಕೂರಿಸುತ್ತೇವೆ. ದಸರಾ ಬಂದರೆ ಮೈಸೂರಿನ ಮನೆಗಳಲ್ಲಿ ಬೊಂಬೆ ಕೂರಿಸುತ್ತಾರೆ. ಅಲ್ಲೆಲ್ಲ ಇರುವುದು ಜೋಪಾನ. ಗ್ಯಾರೇಜಿನಲ್ಲಿ ಮಾತ್ರ ಪಕ್ಕದಲ್ಲಿ ‘ಕೂರುತ್ತೆ’ ಅನ್ನುವ ಮಾತು ಇರುವುದರಿಂದ, ‘ಕೂರಿಸು’ ಅನ್ನುವುದಕ್ಕೆ ‘ತಾನಾಗಿ ಕೂರದ್ದನ್ನು ಕೆಲಸ ಮಾಡಿ ಕೂರುವ ಹಾಗೆ ಮಾಡು’ ಅನ್ನುವ ಅರ್ಥ ಬಂದಿದೆ ಅಂತ ನನಗೆ ಅನಿಸುತ್ತದೆ. ಇದು ಸರಿಯಾ, ನೀವು ನೋಡಿ ಹೇಳಿ.

ಅಚ್ಚಾದ ಬರಹಗಳಲ್ಲಿ ಇದಕ್ಕೆಲ್ಲ ‘ಅಳವಡಿಸಿ’ ಅಂತ ಒಂದೇ ಪದ. ಅದು ನನಗೆ ಒಪ್ಪಿಗೆಯಾಗುತ್ತಿಲ್ಲ. ‘ಪೈಪನ್ನು ಅಳವಡಿಸಿ’ ಅಂತ ಓದಿದ ಹುಡುಗನಿಗೆ ಬರೀ ಸ್ಪ್ಯಾನರ್ ಸಾಕೋ, ವೆಲ್ಡಿಂಗ್ ಬೇಕೋ ಗೊತ್ತಾಗುವುದಿಲ್ಲ.

ಈ ಎರಡರ ಜೊತೆ ಮೂರನೆಯದೂ ಒಂದಿದೆ, ‘ಎಳೆದು ಕೂರಿಸುವುದು’. ನನಗೆ ಹೆಚ್ಚು ಚಿಂತೆ ಇದರದ್ದೇ. ಫ್ಲ್ಯಾಂಜುಗಳ ನಡುವೆ ಕೆಲವು ಮಿಲಿಮೀಟರ್ ಸಂದು ಉಳಿದಿದೆ, ಅಥವಾ ಪೈಪು ಕೊಂಚ ಓರೆಯಾಗಿದೆ. ಆಗ ಉದ್ದ ಬೋಲ್ಟ್ ಹಾಕಿ ಬಿಗಿದು ಎರಡನ್ನೂ ಹತ್ತಿರಕ್ಕೆ ತರುತ್ತಾರೆ. ಗಾಡಿ ತಣ್ಣಗಿರುವಾಗ ನೋಡಲು ಚೆನ್ನಾಗೇ ಇರುತ್ತದೆ. ಆದರೆ ಒಂದು ಮೀಟರ್ ಉಕ್ಕಿನ ಪೈಪು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟು ಬೆಳೆಯಲು ಜಾಗ ಇರಲಿ, ಇಂಜಿನ್ನು ಅಲುಗಾಡಿದರೂ ತಡೆಯಲಿ ಅಂತಲೇ ರಬ್ಬರಿನಲ್ಲಿ ನೇತುಹಾಕಿರುವುದು, ನಡುವೆ ಬಳುಕುವ ಪೈಪು ಕೊಟ್ಟಿರುವುದು. ಎಳೆದು ಬಿಗಿದ ಮೇಲೆ ಆ ಆಟ ಉಳಿಯುವುದಿಲ್ಲ. ಬೆಸುಗೆ ಸೀಳುತ್ತದೆ, ಸ್ಟಡ್ಡು ಮುರಿಯುತ್ತದೆ, ಇಲ್ಲವೇ ಇಂಜಿನ್ನಿಗೆ ಅಂಟಿಕೊಂಡೇ ಇರುವ ಮೊದಲ ಭಾಗ, ಮ್ಯಾನಿಫೋಲ್ಡೇ ಬಿರುಕು ಬಿಡಬಹುದು.

ಬಿರುಕು ಮುಂದುಗಡೆ, ಇಂಜಿನ್ನಿನ ಹತ್ತಿರ ಬಿಟ್ಟರೆ ಬರೀ ಸದ್ದಿನ ತೊಂದರೆಯಲ್ಲ. ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಸಂದು ಇದ್ದರೆ ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಇಂಜಿನ್ನಿಗೆ ಹೋಗುವ ಪೆಟ್ರೋಲ್ ಕಡಿಮೆಯಾಗಿದೆ ಅಂತ ಸೆನ್ಸರ್ ತಪ್ಪು ಹೇಳುತ್ತದೆ, ಇಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಮೈಲೇಜ್ ಬೀಳುತ್ತದೆ. ಸೋರುವ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆ ಇಲ್ಲ. ಅದು ಕಾರಿನೊಳಗೆ ಬಂದರೆ ಕೂತವರಿಗೆ ತಿಳಿಯುವುದೇ ಇಲ್ಲ. ಅದಕ್ಕೇ ‘ಎಳೆದು ಕೂರಿಸಬೇಡಿ’ ಅಂತ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಬಲವಂತವಾಗಿ ಬಿಗಿಯುವ ಈ ಕೆಲಸಕ್ಕೆ ಒಂದೇ ಪದ ಇದ್ದರೆ ಬಹಳ ಅನುಕೂಲ.

ಇನ್ನೊಂದು ಜೋಡಿ: ಸಡಿಲ, ಅಳ್ಳಕ. ಒಂದರೊಳಗೆ ಒಂದು ತೂರಿಸುವ ಪೈಪುಗಳಲ್ಲಿ ಅಳತೆ ನೋಡಿ. ಹೊರಗಿನ ಪೈಪಿನ ಹೊರ ಅಳತೆ 45 ಮಿಲಿಮೀಟರ್, ತಗಡಿನ ದಪ್ಪ ಒಂದೂವರೆ. ಎರಡೂ ಬದಿಯ ದಪ್ಪ ಕಳೆದರೆ ಒಳಗೆ ಉಳಿಯುವುದು 42. ಅದಕ್ಕೆ 42ಕ್ಕಿಂತ ಕೂದಲೆಳೆಯಷ್ಟು ಸಣ್ಣ ಪೈಪು ಹೋದರೆ ಕ್ಲ್ಯಾಂಪ್ ಹಿಡಿಯುತ್ತದೆ. 40ರದ್ದು ತೂರಿಸಿದರೆ ಎಷ್ಟು ಬಿಗಿದರೂ ಹೊಗೆ ಸೋರುತ್ತದೆ. ಯು ಕ್ಲ್ಯಾಂಪ್ ಪೈಪನ್ನು ಜಜ್ಜುತ್ತದೆಯೇ ಹೊರತು ಸುತ್ತಲೂ ಮುಚ್ಚುವುದಿಲ್ಲ. ನನ್ನ ಕಿವಿಗೆ ಬೋಲ್ಟು ಸಡಿಲ, ಪೈಪು ಅಳ್ಳಕ. ಸಡಿಲವಾದದ್ದನ್ನು ಬಿಗಿದರೆ ಸರಿಹೋಗುತ್ತದೆ. ಅಳ್ಳಕಕ್ಕೆ ಅಳತೆಯೇ ಬದಲಾಗಬೇಕು, ಇಲ್ಲವೇ ನಡುವೆ ತೋಳು (ಸಂದು ತುಂಬುವ ಸ್ಲೀವ್) ಹಾಕಬೇಕು. ಈಗ ಎರಡಕ್ಕೂ ‘ಲೂಸು’ ಅಂದುಬಿಡುತ್ತೇವೆ. ‘ಅಳ್ಳಕ’ ಇನ್ನೂ ನಿಮ್ಮ ಮನೆಮಾತಿನಲ್ಲಿ ಇದೆಯಾ? ಹೊಸ ಹುಡುಗರಿಗೆ ಅರ್ಥವಾಗುತ್ತದಾ?

ಕಂಪನಿಯದ್ದಲ್ಲದ ಬಿಡಿಭಾಗಕ್ಕೆ ಏನನ್ನಬೇಕು ಅನ್ನುವುದೂ ಒಂದು ತಲೆನೋವು. ‘ಡೂಪ್ಲಿಕೇಟ್’ ಅನ್ನುವುದು ಅನ್ಯಾಯ. ಬೇರೆ ತಯಾರಕರು ತಮ್ಮದೇ ಹೆಸರಲ್ಲಿ ಮಾಡಿ ಮಾರುವ ಮಾಲು ನಕಲಿ ಅಲ್ಲ. ‘ಲೋಕಲ್’ ಅಂದರೆ ಕಳಪೆ ಅನ್ನುವ ಅರ್ಥ ಅಂಟಿಕೊಂಡಿದೆ. ‘ಕಂಪ್ನಿದು’, ‘ಹೊರಗಿನದು’ ಅಂತ ಹೇಳುವವರೂ ಇದ್ದಾರೆ. ನನಗೆ ‘ಹೊರಗಿನ ಮಾಲು’ ಇಷ್ಟವಾಯಿತು. ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ‘ಸೈಲೆನ್ಸರ್’ ಅನ್ನು ಬದಲಿಸುವ ಆಸೆ ನನಗಿಲ್ಲ. ಆದರೆ ಇಡೀ ಲೈನಿಗೂ ಅದೇ ಹೆಸರು, ಹಿಂದಿನ ಡಬ್ಬಿಗೂ ಅದೇ ಹೆಸರು ಆದಾಗ ಅಂಗಡಿಯಲ್ಲಿ ಬೇಡದ ಭಾಗ ಕೈಗೆ ಬರುತ್ತದೆ. ಹಾಗಾಗಿ ‘ಸೈಲೆನ್ಸರ್ ಲೈನು’, ‘ಸೈಲೆನ್ಸರ್ ಡಬ್ಬಿ’ ಅಂತ ಬೇರೆ ಮಾಡಿ ಬರೆಯುತ್ತಿದ್ದೇನೆ.

ಉತ್ತರ ಕರ್ನಾಟಕದವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ: ನಿಮ್ಮ ‘ಕುಂದ್ರು’, ‘ಕುಂದ್ರಿಸು’ ಗ್ಯಾರೇಜಿನಲ್ಲೂ ಹೀಗೆ ಎರಡು ಅರ್ಥಕ್ಕೆ ಬರುತ್ತವಾ? ಕರಾವಳಿ, ಮಲೆನಾಡಿನವರು ಬೇರೆ ಪದ ಬಳಸುತ್ತಿದ್ದರೆ ಅದನ್ನೂ ಬರೆಯಿರಿ. ‘ಎಳೆದು ಕೂರಿಸು’ ಅನ್ನುವುದಕ್ಕೆ ಬಡಗಿಯವರ, ಕಮ್ಮಾರರ ಬಾಯಲ್ಲಿ ಒಂದೇ ಪದ ಕೇಳಿದ್ದರೆ, ಯಾವ ಊರಿನದು, ಯಾವ ಕೆಲಸದಲ್ಲಿ ಬಳಸಿದರು ಅಂತಲೂ ಜೊತೆಗೆ ತಿಳಿಸಿ.