ಡೇವ್ ರಿಚರ್ಡ್ಸನ್‌ಗೆ ಲಾಯರ್ ಆಗಿದ್ದು ಐಸಿಸಿಯಲ್ಲಿ ಉಪಯೋಗಕ್ಕೆ ಬಂತಾ?

ಲಾಂಗ್‌ಆನ್:
ಗುರುಗಳೇ ಒಂದು ಡೌಟು. ಸೌತ್ ಆಫ್ರಿಕಾ ಕೀಪರ್ ಡೇವ್ ರಿಚರ್ಡ್ಸನ್ ನೆನಪಿರಬೇಕಲ್ಲ, 1991ರಲ್ಲಿ ವರ್ಣಭೇದ ನೀತಿಯಿಂದ ಬಿದ್ದಿದ್ದ ಬ್ಯಾನ್ ಮುಗಿಸ್ಕೊಂಡು ಈಡನ್ ಗಾರ್ಡನ್ಸ್‌ಗೆ ಬಂದ ಟೀಮಲ್ಲಿ ಇದ್ರು, ಆಮೇಲೆ 42 ಟೆಸ್ಟ್ ಆಡಿದ್ರು. ಜೊತೆಗೆ ಲಾಯರ್ ಬೇರೆ. 2002ರಲ್ಲಿ ಐಸಿಸಿ (ವಿಶ್ವ ಕ್ರಿಕೆಟ್ ನಡೆಸೋ ಸಂಸ್ಥೆ) ಜನರಲ್ ಮ್ಯಾನೇಜರ್, 2012ರಿಂದ 2019ರ ವರ್ಲ್ಡ್ ಕಪ್ ತನಕ ಸಿಇಓ. ಇಂಥ ಕೆಲಸಕ್ಕೆ ಆಡಿದ ಅನುಭವ ಬೇಕಾ, ಲಾ ಓದಿರಬೇಕಾ? ಅಥವಾ ಎರಡೂ ಬರೀ ಬಯೋಡೇಟಾ ಅಲಂಕಾರನಾ?

ಸಿಲ್ಲಿಪಾಯಿಂಟ್:
1992ರ ವರ್ಲ್ಡ್ ಕಪ್ಪಲ್ಲಿ ಸೌತ್ ಆಫ್ರಿಕಾ ಇಂಗ್ಲೆಂಡ್ ಜೊತೆ ಆಡಿದ ಸಿಡ್ನಿ ಸೆಮಿಫೈನಲ್ ನೋಡಿ, ಉತ್ತರ ಅಲ್ಲೇ ಇದೆ. 13 ಬಾಲಿಗೆ 22 ಬೇಕಿತ್ತು, ಮಳೆ ಬಂತು, ವಾಪಸ್ ಬರೋಷ್ಟ್ರಲ್ಲಿ ಬೋರ್ಡ್ ಮೇಲೆ 1 ಬಾಲಿಗೆ 22 ಅಂತ (ನಿಜ ಲೆಕ್ಕ 21, ಅದರಿಂದ ಏನು ಬಂತು). ಆಗ ಕ್ರೀಸಲ್ಲಿ ಇದ್ದಿದ್ದು ಮೆಕ್‌ಮಿಲನ್ ಮತ್ತು ಇದೇ ರಿಚರ್ಡ್ಸನ್, 13 ನಾಟೌಟ್. ಆಗಿನ ರೂಲ್ ಹೆಂಗಿತ್ತು ಅಂದ್ರೆ ಎಷ್ಟು ಓವರ್ ಮಳೆಗೆ ಹೋಯ್ತೋ ಅಷ್ಟು ಓವರ್‌ನ ಮೊದಲು ಆಡಿದವರ ಲೆಕ್ಕದಿಂದ ತೆಗೀತಿದ್ರು, ಅದೂ ಅತಿ ಕಮ್ಮಿ ರನ್ ಬಂದ ಓವರ್‌ಗಳನ್ನೇ, ಸೌತ್ ಆಫ್ರಿಕಾ ಬೌಲರ್ ಪ್ರಿಂಗಲ್ ಕಷ್ಟಪಟ್ಟು ಹಾಕಿದ್ದ ಎರಡು ಮೇಡನ್ (ರನ್ನೇ ಕೊಡದ ಓವರ್) ಅವರ ಟೀಮಿಗೇ ಮುಳುವಾಯ್ತು! ರೂಲ್ ಕೆಟ್ಟದಾಗಿ ಬರೆದ್ರೆ ಏನಾಗತ್ತೆ ಅಂತ ಪ್ಯಾಡ್ ಕಟ್ಕೊಂಡು ನಿಂತು ನೋಡಿದ ಮನುಷ್ಯ ಆಮೇಲೆ ರೂಲ್ ಬರೆಯೋ ಆಫೀಸಲ್ಲೇ ಕೂತ್ರು.

ಥರ್ಡ್‌ಅಂಪೈರ್:
ಲಾಯರ್ ತಲೆ ಕಂಡಿದ್ದು 2018ರ ಸ್ಯಾಂಡ್‌ಪೇಪರ್ ಕೇಸಲ್ಲಿ. ಸ್ಯಾಂಡ್‌ಪೇಪರಿಂದ ಬಾಲ್ ಉಜ್ಜಿದ್ದು ಆಸ್ಟ್ರೇಲಿಯಾದ ಬ್ಯಾಂಕ್ರಾಫ್ಟ್, ಕ್ಯಾಪ್ಟನ್ ಸ್ಮಿತ್ ಅದನ್ನ ಮುಟ್ಟೇ ಇಲ್ಲ. ಸ್ಮಿತ್ ಮೇಲೆ ಆಟದ ಸ್ಪಿರಿಟ್‌ಗೆ ವಿರುದ್ಧ ನಡ್ಕೊಂಡ್ರು ಅನ್ನೋ ಕಲಂ ಹಿಡಿದು ಚಾರ್ಜ್ ಹಾಕಿದ್ದು ಖುದ್ದು ರಿಚರ್ಡ್ಸನ್. ಸಿಕ್ಕಿದ್ದು ಒಂದು ಟೆಸ್ಟ್ ಬ್ಯಾನ್ ಮಾತ್ರ, ಜನ ಐಸಿಸಿಗೆ ಉಗಿದ್ರು, ಆದ್ರೆ ಐಸಿಸಿ ನಡತೆ ಕೋಡಲ್ಲಿ ಇಲ್ಲದ ಶಿಕ್ಷೆ ಕೊಡೋಕಾಗತ್ತಾ? ಒಂದು ವರ್ಷದ ಬ್ಯಾನ್ ಆಸ್ಟ್ರೇಲಿಯಾ ಬೋರ್ಡ್ ಕೊಟ್ಟಿದ್ದು. ಅದೇ ಜುಲೈನಲ್ಲಿ ಕೋಡ್ ತಿದ್ದಿ ಬಾಲ್ ಟ್ಯಾಂಪರಿಂಗ್‌ನ ಇನ್ನೂ ಗಂಭೀರವಾದ ಲೆವೆಲ್ 3 ತಪ್ಪಿಗೆ ಏರಿಸಿದ್ರು, ಈಗ 6 ಟೆಸ್ಟ್ ತನಕ ಬ್ಯಾನ್ ಹಾಕಬಹುದು.

ಹನ್ನೆರಡನೇಯವ:
ಹೊಗಳಿದ್ದು ಸಾಕು ಮಾರಾಯ್ರೇ. ಸಿಇಓ ಅಂದ್ರೆ ಸಂಬಳದ ನೌಕರ ಅಷ್ಟೇ. 2014ರಲ್ಲಿ ಇಂಡಿಯಾ, ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರ್ಕೊಂಡು ಐಸಿಸಿ ದುಡ್ಡು ಪವರ್ ಎರಡೂ ಹಂಚ್ಕೊಂಡಾಗ ಇವರ ಲಾ ಡಿಗ್ರಿ ಏನು ಮಾಡ್ತು? ಡಿಆರ್‌ಎಸ್ (ಅಂಪೈರ್ ತೀರ್ಪನ್ನ ರೀಪ್ಲೇ ನೋಡಿ ಮತ್ತೆ ಪರಿಶೀಲಿಸೋ ಪದ್ಧತಿ) ತಗೊಳ್ಳಿ, 2008ರಲ್ಲಿ ಶ್ರೀಲಂಕಾದಲ್ಲಿ ಟ್ರಯಲ್ ಆಯ್ತು, ನಮ್ಮವರ ರಿವ್ಯೂ ಹೆಚ್ಚುಕಮ್ಮಿ ಎಲ್ಲಾ ವೇಸ್ಟ್, ಬಿಸಿಸಿಐ ಮುನಿಸ್ಕೊಳ್ತು. 2016ರಲ್ಲಿ ಇಂಗ್ಲೆಂಡ್ ಸೀರೀಸ್‌ಗೆ ಒಪ್ಕೊಳ್ಳೋ ತನಕ ಐಸಿಸಿ ಕಾಯ್ತಾ ಕೂತಿತ್ತು. ಆ ಟ್ರಯಲ್ ಟೈಮಲ್ಲಿ ಕ್ಯಾಪ್ಟನ್ ಕುಂಬ್ಳೆ, ಒಪ್ಕೊಂಡಾಗ ಕೋಚೂ ಕುಂಬ್ಳೆ, ನಡುವೆ ಐಸಿಸಿ ಕ್ರಿಕೆಟ್ ಕಮಿಟಿ ಚೇರ್ಮನ್ನೂ ಅವರೇ. ನಮ್ಮ ಬೋರ್ಡ್ ಒಪ್ಪಿದ್ರಲ್ಲಿ ಅವರ ಪಾಲೇ ಜಾಸ್ತಿ ಅನ್ಸತ್ತೆ ನಂಗೆ.

ಲಾಂಗ್‌ಆನ್:
ಥ್ಯಾಂಕ್ಸ್ ಎಲ್ರಿಗೂ. 2019ರ ಫೈನಲ್ ಬೌಂಡ್ರಿ ಲೆಕ್ಕನೂ ಇವರ ಕಾಲದ್ದೇ ಅಲ್ವಾ? ಮ್ಯಾಚೂ ಸೂಪರ್ ಓವರೂ ಟೈ ಆಗಿ, ಇಂಗ್ಲೆಂಡ್‌ನ 26 ಬೌಂಡ್ರಿಗೆ ತಮ್ಮದು 17 ಅಂತ ನ್ಯೂಜಿಲೆಂಡ್ ಸೋತಿದ್ದು ಇನ್ನೂ ಅರಗಿಲ್ಲ.

ಸಿಲ್ಲಿಪಾಯಿಂಟ್:
ಹೌದು, ಅಕ್ಟೋಬರ್‌ನಲ್ಲಿ ಆ ರೂಲ್ ಎತ್ತಾಕಿದ್ರು. ಅಷ್ಟೊತ್ತಿಗೆ ಇವರು ಸೀಟಲ್ಲಿ ಇರಲಿಲ್ಲ.